ಸಹಾಯ ಬೇಕು: ವಿಂಚ್ ಕೇಬಲ್ ತುಂಡಾಯಿತು, ಸಿಂಥೆಟಿಕ್ ಹಗ್ಗ ಹಾಕಿಸಲಾ?

ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮಳೆಗಾಲದಲ್ಲಿ ಜೀಪ್ ಹೂತುಹೋಗುವುದು ಮಾಮೂಲು. ಮೊನ್ನೆ, ಕೇಬಲ್ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರವಾದ ವಿಂಚ್‌ನಲ್ಲಿ ಎಳೆಯುವಾಗ ಉಕ್ಕಿನ ಕೇಬಲ್ ತುಂಡಾಗಿ ಚಾಟಿಯಂತೆ ಬೀಸಿತು. ಬಾನೆಟ್ ಮೇಲೆ ಗೇಣುದ್ದ ಗೀರು ಬಿದ್ದಿದೆ. ತಮ್ಮ ಎರಡೇ ಹೆಜ್ಜೆ ಆಚೆ ನಿಂತಿದ್ದ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ತಪ್ಪು ನಮ್ಮದೇ. ಅಗಲ ಪಟ್ಟಿ ಬಳಸದೆ ಸಿಲ್ವರ್ ಓಕ್ ಮರಕ್ಕೆ ಕೇಬಲನ್ನೇ ಸುತ್ತಿ, ಅದಕ್ಕೇ ಕೊಕ್ಕೆ ಸಿಕ್ಕಿಸಿದ್ದೆವು. ಕೇಬಲ್ ಮೇಲೆ ಭಾರಕ್ಕೆ ಒಂದು ಒದ್ದೆ ಗೋಣಿಚೀಲವನ್ನೂ ಹೊದಿಸಿರಲಿಲ್ಲ.

ಸಿಂಥೆಟಿಕ್ ಹಗ್ಗ ಹಗುರ, ತುಂಡಾದರೂ ಅಷ್ಟು ಜೋರಾಗಿ ಬಡಿಯುವುದಿಲ್ಲ, ಅಲ್ವಾ? ಆದರೆ ಎಳೆಗಳೊಳಗೆ ಮರಳು ಸೇರಿದರೆ ಬೇಗ ಸವೆಯುತ್ತದೆ. ನಮ್ಮ ಕಡೆಯ ಕೆಸರಿನಲ್ಲಿ ಬಳಸಿದವರು ಇದ್ದೀರಾ? ಎಷ್ಟು ಮಳೆಗಾಲ ಬಾಳಿತು? ಕೇಬಲ್ ಹಾದುಬರುವ ಹಳೇ ರೋಲರ್ ಬದಲಿಸಲೇಬೇಕಾ? ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸಿ ಎಳೆಯುವ ರಾಟೆ) ಕಟ್ಟುವುದನ್ನು ಎದುರಿಗೇ ತೋರಿಸಿಕೊಡುವವರು ಹಾಸನದ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ವಿಂಚ್ ಮುಟ್ಟುವುದಿಲ್ಲ.