‘ಕಾಯ್ದಿರಿಸಲಾಗಿದೆ’ ಎಂದರೆ ಟಿಕೆಟ್ ಸಿಕ್ಕಿತು ಎಂದೇ?

ಪ್ರಶ್ನೆ: ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮಾರುವ ಆ್ಯಪ್‌ಗೆ ಕನ್ನಡ ಸಂದೇಶಗಳನ್ನು ಬರೆಯುವ ಕೆಲಸ ನಡೆದಿದೆ. ಸೀಟು ಆರಿಸಿದ ಕೂಡಲೇ, ಹಣ ಕಟ್ಟುವುದಕ್ಕೆ ಮೊದಲೇ, ‘ನಿಮ್ಮ ಆಸನಗಳನ್ನು ಕಾಯ್ದಿರಿಸಲಾಗಿದೆ’ ಎಂದು ತೋರಿಸುವುದು ಸರಿಯೇ? ಕಾಯ್ದಿರಿಸು, ಕಾದಿರಿಸು ಇವೆರಡರಲ್ಲಿ ಯಾವುದು ಶುದ್ಧ? ‘ಕ್ಯೂ’ಗೆ ‘ಸಾಲು’ ಎನ್ನಬಹುದೇ?

ಉತ್ತರ 1: ರೂಪದ ಪ್ರಶ್ನೆ ಸುಲಭದ್ದು. ‘ಕಾಯು’ ಧಾತುವಿಗೆ ಕಾಯ್ದು, ಕಾದು ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ‘ಇರಿಸು’ ಸೇರಿದಾಗ ಉಕಾರ ಲೋಪವಾಗಿ ಕಾಯ್ದಿರಿಸು, ಕಾದಿರಿಸು ಎಂದಾಗುತ್ತದೆ. ಎರಡೂ ಸರಿ, ಆದರೆ ಒಂದೇ ಆ್ಯಪ್‌ನಲ್ಲಿ ಎರಡೂ ಬೇಡ.

ತೊಡಕು ಇರುವುದು ಅರ್ಥದಲ್ಲಿ. ಕಾಯ್ದಿರಿಸಿದ್ದು ಎಂದರೆ ಹಣ ಕಟ್ಟಿ ಆಗಿದೆ, ಜಾಗ ನಮ್ಮದು ಎಂದೇ ಜನ ತಿಳಿಯುತ್ತಾರೆ. ಸೀಟು ಆರಿಸಿದಾಗ ನಡೆಯುವುದು ಬೇರೆ. ಸರ್ವರ್ ಆ ಸೀಟಿಗೆ ಕೆಲವೇ ನಿಮಿಷಗಳ ಬೀಗ ಹಾಕುತ್ತದೆ. ಬಹಳ ಕಡೆ ಇದು 5ರಿಂದ 10 ನಿಮಿಷ. ಅಷ್ಟರಲ್ಲಿ ಪಾವತಿ ಮುಗಿಯದಿದ್ದರೆ ಬೀಗ ತಾನಾಗಿ ತೆರೆದು ಸೀಟು ಮತ್ತೆ ಮಾರಾಟಕ್ಕೆ ಬರುತ್ತದೆ. ಮಾರಾಟ ಶುರುವಾದ ಹತ್ತು ನಿಮಿಷಕ್ಕೆ ಎಲ್ಲಾ ಮುಗಿಯಿತೆಂದು ತೋರಿಸಿದ ನಕ್ಷೆಯಲ್ಲಿ ಅಲ್ಲಲ್ಲಿ ಸೀಟುಗಳು ಮರಳಿ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಈ ಸ್ಥಿತಿಗೇ ‘ಕಾಯ್ದಿರಿಸಲಾಗಿದೆ’ ಎಂದು ಬರೆದರೆ ಓದಿದವರು ನೆಮ್ಮದಿಯಾಗಿ ಕಾರ್ಡ್ ಹುಡುಕಲು ಏಳುತ್ತಾರೆ, ಒಟಿಪಿ ಬರುವಷ್ಟರಲ್ಲಿ ಸಮಯ ತೀರಿರುತ್ತದೆ.

ಇದಕ್ಕೆ ‘ಹಿಡಿದಿಡು’ ಸರಿಯಾದ ಪದ. ಹಿಂದೆ ಬರುವವರಿಗಾಗಿ ಕರವಸ್ತ್ರ ಹಾಕಿ ‘ಸೀಟು ಹಿಡಿ’ ಎನ್ನುತ್ತೇವಲ್ಲ, ಆ ಹಿಡಿಯುವಿಕೆಯಲ್ಲಿ ಹಕ್ಕು ಇಲ್ಲ, ಹೊತ್ತು ಮೀರಿದರೆ ಜಾಗ ಹೋಗುತ್ತದೆ. ಇಲ್ಲಿರುವುದೂ ಅದೇ ಅರ್ಥ. ‘ಸೀಟುಗಳನ್ನು 8 ನಿಮಿಷ ಹಿಡಿದಿಟ್ಟಿದ್ದೇವೆ, ಅಷ್ಟರಲ್ಲಿ ಹಣ ಪಾವತಿಸಿ’ ಎಂದು ಬರೆಯಿರಿ. ನಿಮಿಷದ ಅಂಕಿ ವಾಕ್ಯದೊಳಗೇ ಇರಲಿ, ಮೂಲೆಯ ಗಡಿಯಾರದತ್ತ ಎಲ್ಲರ ಕಣ್ಣು ಹೋಗುವುದಿಲ್ಲ. ‘ತಡೆಹಿಡಿ’ ಖಂಡಿತ ಬೇಡ: ಸಂಬಳ ತಡೆಹಿಡಿದರು, ಫಲಿತಾಂಶ ತಡೆಹಿಡಿದರು ಎನ್ನುವಾಗ ಅದು ಕೊಡದೆ ಉಳಿಸಿಕೊಂಡದ್ದು.

ಅವಧಿ ಮೀರಿದಾಗ ‘ರದ್ದಾಗಿದೆ’ ಎನ್ನುವುದೂ ತಪ್ಪು. ಆಗದೇ ಇದ್ದ ಖರೀದಿ ರದ್ದಾಗುವುದು ಹೇಗೆ? ಇದು ಕೇವಲ ಪದದ ಮಾತಲ್ಲ. ಬ್ಯಾಂಕಿನಲ್ಲಿ ಹಣ ಕಡಿತವಾಗಿ, ಆ ಸುದ್ದಿ ಬೀಗ ತೆರೆದ ಮೇಲೆ ಸರ್ವರ್‌ಗೆ ತಲುಪುವುದುಂಟು. ಆಗ ‘ಟಿಕೆಟ್ ರದ್ದಾಗಿದೆ’ ಎಂದು ಕಂಡವರು ರದ್ದತಿ ಶುಲ್ಕ ಹೋಯಿತೆಂದು ಗಾಬರಿಯಾಗುತ್ತಾರೆ. ಇಲ್ಲವೇ ಅದೇ ಗಳಿಗೆಯಲ್ಲಿ ಎರಡನೇ ಸಲ ಪಾವತಿಸುತ್ತಾರೆ. ‘ಸಮಯ ಮೀರಿತು, ಸೀಟು ಕೈತಪ್ಪಿದೆ, ಟಿಕೆಟ್ ಆಗಿಲ್ಲ. ಹಣ ಕಡಿತವಾಗಿದ್ದರೆ ಮರಳಿ ಬರುತ್ತದೆ’ ಎಂದು ಬಿಡಿಸಿ ಹೇಳಬೇಕು. ‘ಕಾಯ್ದಿರಿಸಲಾಗಿದೆ’ ಎಂಬುದನ್ನು ಬುಕಿಂಗ್ ಸಂಖ್ಯೆ ಬಂದ ಪುಟಕ್ಕೆ ಮೀಸಲಿಡಿ.

ಉತ್ತರ 2: ‘ಸಾಲು’ ಬೇಡ. ಸಭಾಂಗಣದ ನಕ್ಷೆಯಲ್ಲಿ ಆ ಪದ ಆಗಲೇ ಕೆಲಸದಲ್ಲಿದೆ. ‘ನಿಮ್ಮ ಸಾಲು: 12’ ಎಂದರೆ ಹನ್ನೆರಡನೇ ಸಾಲಿನ ಕುರ್ಚಿಯೋ, ಮುಂದೆ ಹನ್ನೊಂದು ಜನ ಇದ್ದಾರೆಂದೋ? ಕುರ್ಚಿಗೆ ಸಾಲು, ಜನರಿಗೆ ‘ಸರದಿ’ ಎಂದು ಬೇರ್ಪಡಿಸಿ.

ಅದರಲ್ಲೂ ಒಂದು ಸೂಕ್ಷ್ಮವಿದೆ. ಮಾರಾಟ ತೆರೆಯುವ ಮುಂಚೆ ಬಂದವರಿಗೆ ಬಹಳಷ್ಟು ವ್ಯವಸ್ಥೆಗಳಲ್ಲಿ ಯಾವ ಸ್ಥಾನವೂ ಇರುವುದಿಲ್ಲ. ತೆರೆಯುವ ಕ್ಷಣದಲ್ಲಿ ಅವರೆಲ್ಲರ ನಡುವೆ ಚೀಟಿ ಎತ್ತಿದಂತೆ ಸ್ಥಾನ ಹಂಚಲಾಗುತ್ತದೆ. ಆಮೇಲೆ ಬಂದವರು ಕೊನೆಗೆ ಸೇರುತ್ತಾರೆ. ಎಂದರೆ ಒಂದು ಗಂಟೆ ಮುಂಚೆ ಬಂದರೂ ಹತ್ತು ನಿಮಿಷ ಮುಂಚೆ ಬಂದರೂ ಒಂದೇ, ಒಂದು ನಿಮಿಷ ತಡವಾದರೆ ಮಾತ್ರ ನಷ್ಟ. ಆದ್ದರಿಂದ ಮೊದಲ ಹಂತಕ್ಕೆ ‘ಕಾಯುವ ಕೋಣೆ’, ಸ್ಥಾನ ಸಿಕ್ಕ ಮೇಲೆ ‘ಸರದಿ’. ಎರಡಕ್ಕೂ ಸರದಿ ಎಂದರೆ ಮೊದಲು ಬಂದವರಿಗೆ ಮೋಸವಾಯಿತೆಂಬ ದೂರು ಬರುತ್ತದೆ, ಆ ದೂರಿಗೆ ಕಾರಣ ನಮ್ಮ ಪದವೇ.

‘ಪ್ರೀಸೇಲ್’ಗೆ ‘ಮುಂಗಡ ಮಾರಾಟ’ ಎಂದಿದ್ದರೆ ಅದನ್ನೂ ಮರುಯೋಚಿಸಿ. ಕಾರ್ಯಕ್ರಮಕ್ಕೆ ಮೊದಲು ಕೊಳ್ಳುವುದೆಲ್ಲ ಮುಂಗಡವೇ. ಸಂಕೇತಪದ (ಪ್ರವೇಶದ ಕೋಡ್) ಇದ್ದವರಿಗೆ ಸಾರ್ವಜನಿಕ ಮಾರಾಟಕ್ಕಿಂತ ಮೊದಲು ತೆರೆಯುವುದಕ್ಕೆ ‘ಮೊದಲ ಸುತ್ತಿನ ಮಾರಾಟ’ ಸಾಕು. ಸಂಕೇತಪದವಿದ್ದರೆ ಒಳಹೋಗಬಹುದು, ಟಿಕೆಟ್ ಸಿಗುವ ಖಾತರಿ ಇಲ್ಲ ಎಂಬುದನ್ನೂ ಜೊತೆಗೆ ಬರೆಯಿರಿ.

ಟಿಕೆಟ್ಟನ್ನು ಇನ್ನೊಬ್ಬರ ಖಾತೆಗೆ ದಾಟಿಸುವ ಗುಂಡಿಗೆ ‘ಕಳುಹಿಸಿ’ ಎಂದಿದ್ದರೆ ‘ವರ್ಗಾಯಿಸಿ’ ಎಂದು ತಿದ್ದಿ. ಕಳುಹಿಸಿ ಎಂದರೆ ಜನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಕೆಲವೇ ಸೆಕೆಂಡಿಗೊಮ್ಮೆ ಬದಲಾಗುವ ಬಾರ್‌ಕೋಡ್ ಇರುವಲ್ಲಿ ಆ ಚಿತ್ರ ದ್ವಾರದಲ್ಲಿ ಕೆಲಸಕ್ಕೆ ಬಾರದು. ವರ್ಗಾಯಿಸಿದಾಗ ಹಳೆಯ ಕೋಡ್ ಅಸಿಂಧುವಾಗಿ, ಪಡೆದವರ ಹೆಸರಿಗೆ ಹೊಸದು ಹುಟ್ಟುತ್ತದೆ.