ಉ: ಅಟ್ಲಾಸ್ ಮಾತ್‌ಗೆ ಕನ್ನಡದಲ್ಲಿ ಏನಂತ ಬರೀಬೇಕು? (ಬೋರ್ಡು ನಾಳೆ ಪ್ರಿಂಟಿಗೆ)

ಅಟ್ಲಾಸ್ ಮಾತ್ (moth) ಅನ್ನೋ ದೊಡ್ಡ ಇರುಳುಚಿಟ್ಟೆಗೆ ಕನ್ನಡ ಹೆಸರು ಕೇಳಿದ ಬೋರ್ಡಿನವರಿಗೆ ಮೊದಲು ಉತ್ತರ. "ಹಾವುಮೊಗದ ಚಿಟ್ಟೆ" ಅಂತ ದೊಡ್ಡದಾಗಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ಅಟ್ಲಾಸ್ ಮಾತ್ ಇರಲಿ. ನಿಮ್ಮ ಡ್ರಾಫ್ಟಿನ ಸೈಂಟಿಫಿಕ್ ಹೆಸರು ಮಾತ್ರ ತಿದ್ದಿ, ನಮ್ಮ ಪಶ್ಚಿಮಘಟ್ಟದಲ್ಲೂ ಶ್ರೀಲಂಕಾದಲ್ಲೂ ಇರೋದು ಅಟ್ಟಾಕಸ್ ಟ್ಯಾಪ್ರೊಬೇನಿಸ್, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಟ್ಟ ಅಟ್ಟಾಕಸ್ ಅಟ್ಲಾಸ್ ಇದರ ದಾಯಾದಿ. ಟ್ಯಾಪ್ರೊಬೇನ್ ಅಂದ್ರೆ ಗ್ರೀಕರು ಸಿಂಹಳಕ್ಕೆ ಕರೀತಿದ್ದ ಹೆಸರು.

ಇನ್ನು "ಮಾತ್ ಅಂದ್ರೆ ಪತಂಗ, ಚಿಟ್ಟೆ ಅಂದ್ರೆ ಬಟರ್‌ಫ್ಲೈ, ಚರ್ಚೆ ಮುಗೀತು" ಅಂದವರಿಗೆ. ಮುಗಿದಿಲ್ಲ ಸಾರ್. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡೋರನ್ನ ಕೇಳಿ, ಹುಳ ಹಣ್ಣಾಯ್ತು, ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟಿಗೆ) ಬಿಟ್ವಿ, ಗೂಡು ಕಟ್ತು, ಬಿತ್ತನೆ ಗೂಡಿಂದ (ಮೊಟ್ಟೆಗಂತ ಉಳಿಸಿದ್ದು) ಚಿಟ್ಟೆ ಬಂತು ಅಂತಾರೇ ಹೊರತು ಪತಂಗ ಬಂತು ಅನ್ನಲ್ಲ. ರೇಷ್ಮೆ ಚಿಟ್ಟೆ ಮಾತ್ ಅಲ್ವಾ? ಸಂಸ್ಕೃತದಲ್ಲಿ ಹಕ್ಕಿನೂ ಪತಂಗ, ಮಿಡತೆನೂ ಪತಂಗ, ಸೂರ್ಯನೂ ಪತಂಗ. ಇಂಗ್ಲಿಷಿನವರು ಎರಡು ಮನೆ ಮಾಡ್ಕೊಂಡಿದಾರೆ ಅಂತ ನಮ್ಮ ಪದದ ಮಧ್ಯ ಯಾಕೆ ಗೋಡೆ? ಬೇಕೇ ಬೇಕಂದ್ರೆ ಇರುಳುಚಿಟ್ಟೆ ಅನ್ನಿ.

"ಸರ್ಪಶಿರಪತಂಗ" ಬೇಡ. ಶಾಲೆ ಮಕ್ಕಳು ಓದೋ ಬೋರ್ಡು ಅದು. "ಹಾವುತಲೆ" ಅಂದ್ರೆ ಹಾವುದಲೆ ಆಗಬೇಕು ಅಂತ ಸಂಧಿ ಜಗಳ ಬರುತ್ತೆ, ಅದಕ್ಕೇ ಮೊಗ ಅಂದೆ. ಅರ್ಥ ನಾನು ಕಟ್ಟಿದ್ದಲ್ಲ, ಚೀನಾದ ದಕ್ಷಿಣದ ಕ್ಯಾಂಟನೀಸ್ ಭಾಷೆ ಆಡೋರೂ ಇದನ್ನ ಹಾವಿನ ತಲೆ ಹೆಸರಲ್ಲೇ ಕರೀತಾರೆ.

ಹೋದ ಮಳೆಗಾಲ ನಮ್ಮ ಹಿತ್ತಲ ದಾಲ್ಚಿನ್ನಿ ಗಿಡದಲ್ಲಿ ಒಂದು ಹೆಣ್ಣು ಕೂತಿತ್ತು, ಎರಡು ಅಂಗೈ ಸೇರಿಸಿದಷ್ಟಗಲ, ಇಟ್ಟಿಗೆಗಂದು ಬಣ್ಣ. ಮುಂದಿನ ರೆಕ್ಕೆಯ ತುದಿ ಬಾಗಿ, ಕಣ್ಣಿರೋ ಜಾಗದಲ್ಲೇ ಕಪ್ಪು ಚುಕ್ಕೆ ಇಟ್ಟು ಥೇಟ್ ಹಾವಿನ ಮೂತಿ, ಕಡ್ಡೀಲಿ ಮುಟ್ಟಿದ್ರೆ ರೆಕ್ಕೆ ನಿಧಾನ ಆಡಿಸೋದು, ಆಗ ಹಾವೇ ತಲೆ ಎತ್ತಿದ ಹಾಗೆ. ರೆಕ್ಕೆ ನಡುವಿನ ಮುಕ್ಕೋನದ ಕಿಟಕಿಯಲ್ಲಿ ಹುಡಿ ಇರಲ್ಲ, ಅದರೊಳಗಿಂದ ಹಿಂದಿನ ಎಲೆಯ ನರ ಕಾಣ್ತಿತ್ತು. ನಮ್ಮತ್ತೆ ಪಾಪ ಅಂತ ಬೆಲ್ಲದ ನೀರಿಟ್ರು, ಮೂಸಲೂ ಇಲ್ಲ. ಇದಕ್ಕೆ ಉಣ್ಣೋ ಬಾಯೇ ಇಲ್ಲ, ಹುಳವಾಗಿದ್ದಾಗ ತಿಂದು ಕೂಡಿಸಿದ ಕೊಬ್ಬಿನ ಮೇಲೇ ಒಂದೆರಡು ವಾರ ಬದುಕಿ ಮೊಟ್ಟೆ ಇಟ್ಟು ಸಾಯುತ್ತೆ.

ಅದಕ್ಕೇ ಹೇಳ್ತಿದೀನಿ, ಪದ ಯಾವುದಾದ್ರೂ ಇಟ್ಕೊಳ್ಳಿ, ನಿಮ್ಮ ಡ್ರಾಫ್ಟಿನ ಮೂರನೇ ಸಾಲಲ್ಲಿ "ಹೂವಿನ ಮಕರಂದ ಹೀರುತ್ತದೆ" ಅಂತಿದೆಯಲ್ಲ, ಪ್ರಿಂಟಿಗೆ ಕಳಿಸೋ ಮುಂಚೆ ಅದನ್ನ ದಯವಿಟ್ಟು ತೆಗೀರಿ.