ಟೋಬ್ರುಕ್‌ನಲ್ಲಿ ಸೆರೆಯಾದ ಅಜ್ಜನ ದಾಖಲೆ ಹುಡುಕುವುದು ಹೇಗೆ? ತಿಳಿದವರ ಉತ್ತರಗಳು

ಪ್ರಶ್ನೆ: ಅಜ್ಜ ಬೆಳಗಾವಿ ಕಡೆಯವರು. ಎರಡನೇ ಮಹಾಯುದ್ಧದಲ್ಲಿ ಮರಾಠಾ ರೆಜಿಮೆಂಟಿನಲ್ಲಿ ಸಿಪಾಯಿಯಾಗಿದ್ದರು. ಲಿಬಿಯಾದ ಟೋಬ್ರುಕ್‌ನಲ್ಲಿ ಸಿಕ್ಕಿಬಿದ್ದು ಇಟಲಿ, ಆಮೇಲೆ ಜರ್ಮನಿಯಲ್ಲಿ ಸೆರೆಯಲ್ಲಿದ್ದರಂತೆ. ಮನೆಯಲ್ಲಿ ಉಳಿದಿರುವುದು ಮೂರು ಪದಕ, ಒಂದು ಮಾಸಿದ ಅಂಚೆ ಕಾರ್ಡು. ಯಾವ ಶಿಬಿರದಲ್ಲಿದ್ದರು, ಹೇಗೆ ಬಿಡುಗಡೆಯಾದರು ಎಂದು ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಪದಕದಿಂದ ಶುರು ಮಾಡಿ. ಭಾರತೀಯ ಸೇನೆಯವರಿಗೆ ಕೊಟ್ಟ ಆ ಯುದ್ಧದ ಪದಕಗಳ ಮೇಲೆ ಸಾಮಾನ್ಯವಾಗಿ ಸೈನಿಕನ ನಂಬರು, ಹುದ್ದೆ, ಹೆಸರು, ರೆಜಿಮೆಂಟು ಒತ್ತಿರುತ್ತದೆ. ದುಂಡು ಪದಕವಾದರೆ ಅಂಚಿನ ಸುತ್ತ, ನಕ್ಷತ್ರದ ಆಕಾರದ್ದಾದರೆ ಬೆನ್ನಿನ ಮೇಲೆ. ಟಾರ್ಚನ್ನು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ದಯವಿಟ್ಟು ಹುಣಸೆಹಣ್ಣೋ ಪಾಲಿಶೋ ಹಾಕಿ ತಿಕ್ಕಬೇಡಿ. ಒತ್ತಕ್ಷರ ಸವೆದರೆ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ, ಒಂದು ಅಂಕಿ ತಪ್ಪಿದರೂ ಮುಂದಿನ ಹುಡುಕಾಟವೆಲ್ಲ ಬೇರೊಬ್ಬರ ಹಿಂದೆ ಹೋಗುತ್ತದೆ.

ಹೆಸರಿಗಿಂತ ಈ ನಂಬರೇ ಮುಖ್ಯ. ಗುಮಾಸ್ತರು ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಅವು. ಅಡ್ಡಹೆಸರು ಒಮ್ಮೆ ಇದ್ದರೆ ಒಮ್ಮೆ ಇಲ್ಲ, ಒಂದೇ ಪಡೆಯಲ್ಲಿ ಒಂದೇ ಹೆಸರಿನ ಹತ್ತು ಜನ ಇರುತ್ತಿದ್ದರು. ಊರಿನ ವಿಷಯದಲ್ಲೂ ಜಾಗ್ರತೆ. ಬೆಳಗಾವಿ, ಧಾರವಾಡ, ವಿಜಯಪುರ ಆಗ ಮುಂಬಯಿ ಪ್ರಾಂತ್ಯ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯ. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ಸಂಸ್ಥಾನ. ರೆಜಿಮೆಂಟಿನ ಹೆಸರನ್ನೂ ಆಗ ಇಂಗ್ಲಿಷಿನಲ್ಲಿ 'ಎಚ್' ಅಕ್ಷರ ಸೇರಿಸಿ, ಎರಡು 'ಟಿ' ಹಾಕಿ 'ಮಹ್ರಟ್ಟಾ' ಎಂದು ಬರೆಯುತ್ತಿದ್ದರು. ಈಗಿನ ಕಾಗುಣಿತ ಹಾಕಿ ಹುಡುಕಿದರೆ ಹಳೆಯ ಕಡತಗಳು ಸಿಗುವುದೇ ಇಲ್ಲ.

ಉತ್ತರ: ಕಾರ್ಡಿನ ಬಗ್ಗೆ. ಇಟಲಿಯಿಂದ ಬಂದದ್ದಾದರೆ ಕಳಿಸಿದವರ ವಿಳಾಸದಲ್ಲಿ 'ಪಿ.ಜಿ.' ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ಅದು ಶಿಬಿರದ್ದು. ಪಕ್ಕದ 'ಪಿ.ಎಂ.' ಸಂಖ್ಯೆ ಮಿಲಿಟರಿ ಅಂಚೆಯದ್ದು. ಇವೆರಡನ್ನು ಅದಲುಬದಲು ಮಾಡಿಕೊಂಡು ದಾರಿ ತಪ್ಪುವವರೇ ಹೆಚ್ಚು. ಭಾರತೀಯ ಸಿಪಾಯಿಗಳಿದ್ದ ದೊಡ್ಡ ಶಿಬಿರ ಅವೆಝ್ಝಾನೊದ ಪಿ.ಜಿ. 91. ಜರ್ಮನಿಯ ಕಾರ್ಡಾದರೆ 'ಸ್ಟಾಲಾಗ್' (ಸಿಪಾಯಿಗಳ ಸೆರೆ ಶಿಬಿರ) ಪದದ ನಂತರ ಸಾಮಾನ್ಯವಾಗಿ ರೋಮನ್ ಅಂಕಿ, ಅಕ್ಷರ ಇರುತ್ತವೆ, ಜೊತೆಗೆ ಕೈದಿ ಸಂಖ್ಯೆಯೂ ಇರುತ್ತದೆ. ಈ ಕೈದಿ ಸಂಖ್ಯೆ ಜರ್ಮನರು ಕೊಟ್ಟದ್ದು, ಸೇನೆಯ ನಂಬರಲ್ಲ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಅಂಚೆ ಮುದ್ರೆಯ ತಾರೀಕು ಬರೆದ ದಿನದ್ದಲ್ಲದಿರಬಹುದು, ಸೆನ್ಸಾರಿನಲ್ಲಿ ಪತ್ರಗಳು ತಿಂಗಳುಗಟ್ಟಲೆ ಬಿದ್ದಿರುತ್ತಿದ್ದವು. ಕಾರ್ಡನ್ನು ಲ್ಯಾಮಿನೇಟ್ ಮಾಡಿಸಬೇಡಿ. ಎರಡೂ ಬದಿ ಸ್ಕ್ಯಾನ್ ಮಾಡಿ ಕಾಗದದ ಲಕೋಟೆಯಲ್ಲಿಡಿ.

ಉತ್ತರ: ನಂಬರು ಸಿಕ್ಕ ಮೇಲೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ನಿಮ್ಮ ಗುರುತಿನ ಚೀಟಿ, ಪದಕದ ಫೋಟೊ ಲಗತ್ತಿಸಿ. 'ಅಜ್ಜನ ಬಗ್ಗೆ ಇರುವ ಮಾಹಿತಿಯೆಲ್ಲ ಕೊಡಿ' ಎಂದರೆ 'ಲಭ್ಯವಿಲ್ಲ' ಎಂಬ ಒಂದು ಸಾಲು ಬರುತ್ತದೆ. ಅದಕ್ಕೆ ಕಾರಣವಿದೆ: ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷವಾದ ಮೇಲೆ ನಾಶ ಮಾಡುವುದು ಸೇನೆಯ ನಿಯಮ. ಯುದ್ಧ ಮುಗಿದು ಮನೆಗೆ ಬಂದವರಲ್ಲಿ ಬಹಳ ಮಂದಿ ಹೀಗೆ ಪಿಂಚಣಿಯಿಲ್ಲದವರೇ. ಆದರೆ 'ಲಾಂಗ್ ರೋಲ್' ಎಂಬ ದೊಡ್ಡ ಪುಸ್ತಕವನ್ನು ಉಳಿಸಿಕೊಂಡಿರುತ್ತಾರೆ. ಅದರಲ್ಲಿ ಭರ್ತಿಯಾದ ದಿನ, ಬಿಡುಗಡೆಯ ದಿನ, ಕಾರಣ ಮುಂತಾದವು ಒಂದೆರಡು ಸಾಲಿನಲ್ಲಿ ಸಿಗುತ್ತವೆ. 'ಈ ನಂಬರಿನ ಲಾಂಗ್ ರೋಲ್ ನಮೂದಿನ ಪ್ರತಿ' ಎಂದೇ ಕೇಳಿ.

ಉತ್ತರ ಬರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. 'ಮೂರನೆಯವರ ಖಾಸಗಿ ಮಾಹಿತಿ' ಎಂದು ತಳ್ಳಿಹಾಕಿದರೆ 8(3)ನೇ ಕಲಂ ತೋರಿಸಿ ಮೊದಲ ಮೇಲ್ಮನವಿ ಸಲ್ಲಿಸಿ. 20 ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಅಜ್ಜ ಅಥವಾ ಅಜ್ಜಿ ಯಾವುದಾದರೂ ಸಹಾಯಧನ ಪಡೆದಿದ್ದರೆ ಅಲ್ಲಿ ಡಿಸ್ಚಾರ್ಜ್ ಪುಸ್ತಕದ ನಕಲು ಇರುವ ಸಾಧ್ಯತೆ ಇದೆ.

ಉತ್ತರ: ಶಿಬಿರದ ಹೆಸರು, ಸ್ಥಳಾಂತರದ ತಾರೀಕು ಬೇಕಾದರೆ ಜಿನೀವಾದ ರೆಡ್ ಕ್ರಾಸ್ ಪತ್ರಾಗಾರವೇ ಗತಿ. ಇಟಲಿ, ಜರ್ಮನಿ ಎರಡೂ ಯುದ್ಧ ಕೈದಿಗಳ ಕುರಿತ 1929ರ ಜಿನೀವಾ ಒಪ್ಪಂದಕ್ಕೆ ಬದ್ಧವಾಗಿದ್ದವು, ಹಾಗಾಗಿ ಕೈದಿಗಳ ಪಟ್ಟಿಗಳನ್ನು ಕಳಿಸುತ್ತಿದ್ದವು. ಕುಟುಂಬದವರು ಆನ್‌ಲೈನ್ ಅರ್ಜಿ ತುಂಬಬಹುದು, ಆದರೆ ಸ್ವೀಕರಿಸುವ ಅರ್ಜಿಗಳಿಗೆ ಮಿತಿ ಇರುವುದರಿಂದ ಆ ಬಾಗಿಲು ಸದಾ ತೆರೆದಿರುವುದಿಲ್ಲ. ಪೂರ್ಣ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಸೇನಾ ನಂಬರು, ಪಡೆ, ಸೆರೆಯಾದ ಜಾಗ ಮತ್ತು ತಾರೀಕು ಮೊದಲೇ ಸಿದ್ಧವಿರಲಿ. ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನೂ ಸೇರಿಸಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಪ್ರಶ್ನೆ ಕೇಳಿದವರು: ನಕ್ಷತ್ರದ ಬೆನ್ನಿನ ಮೇಲೆ ನಂಬರು ಸಿಕ್ಕಿತು! ಒಂದು ಆಫ್ರಿಕಾ ಸ್ಟಾರ್. ಯಾವ ಬೆಟಾಲಿಯನ್ ಎಂದು ಮಾತ್ರ ಇಲ್ಲ. ಅಜ್ಜನ ಹೆಸರಿನ ಕಡತ ಎಲ್ಲೂ ಸಿಗದಿದ್ದರೆ?

ಉತ್ತರ: ಹೆಸರು ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ಪಡೆಯನ್ನು ಹಿಂಬಾಲಿಸಿ. ಸಿಪಾಯಿ ತನ್ನ ಬೆಟಾಲಿಯನ್ ಜೊತೆಗೇ ಸೆರೆಯಾಗುತ್ತಿದ್ದ, ಎಷ್ಟೋ ಸಲ ಶಿಬಿರಕ್ಕೂ ಗುಂಪಾಗಿಯೇ ಹೋಗುತ್ತಿದ್ದ. 1942ರ ಜೂನ್ 21ರಂದು ಟೋಬ್ರುಕ್ ಬಿದ್ದಾಗ 11ನೇ ಭಾರತೀಯ ಬ್ರಿಗೇಡಿನಲ್ಲಿದ್ದದ್ದು 5ನೇ ಮಹ್ರಟ್ಟಾ ರೆಜಿಮೆಂಟಿನ 2ನೇ ಬೆಟಾಲಿಯನ್, ಇಂದು 'ಕಾಳಿ ಪಂಚವೀಂ' ಎಂಬ ಅಡ್ಡಹೆಸರಿನದು. ಟೋಬ್ರುಕ್ ಎಂಬ ಮನೆಮಾತು ನಿಜವಾದರೆ ಮೊದಲು ನೋಡಬೇಕಾದ ಬೆಟಾಲಿಯನ್ ಇದೇ. ಇದರ ಯುದ್ಧ ದಿನಚರಿಯನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯುಒ (ವಾರ್ ಆಫೀಸ್, ಅಂದಿನ ಬ್ರಿಟಿಷ್ ಯುದ್ಧ ಇಲಾಖೆ) 169 ಸರಣಿಯಲ್ಲಿ ಹುಡುಕಿ. ಶರಣಾದ ಪಡೆಗಳ ಕೊನೆಯ ತಿಂಗಳ ದಿನಚರಿ ಆಗಾಗ ಇರುವುದಿಲ್ಲ, ಶತ್ರುವಿನ ಕೈಗೆ ಸಿಗದಿರಲೆಂದು ಸುಟ್ಟಿರುತ್ತಾರೆ. ಆಗ ಬ್ರಿಗೇಡಿನ, ಡಿವಿಜನ್ನಿನ ದಿನಚರಿ ನೋಡಬೇಕು. ಶಿಬಿರಗಳಿಗೆ ಭೇಟಿ ಕೊಟ್ಟವರ ವರದಿಗಳು ಡಬ್ಲ್ಯುಒ 224ರಲ್ಲಿವೆ. ಊಟ, ಹೊದಿಕೆ, ಕಾಯಿಲೆ, ಪಾರ್ಸೆಲ್ಲುಗಳ ವಿವರ ಅಲ್ಲಿ ಸಿಗುತ್ತದೆ, ಅಜ್ಜನ ದಿನಗಳು ಹೇಗಿದ್ದವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಸಿಗುವುದು ಕಷ್ಟ. ಜರ್ಮನರ ಕೈದಿ ಕಾರ್ಡುಗಳು ಡಬ್ಲ್ಯುಒ 416ರಲ್ಲಿವೆ, ಆದರೆ ಎಲ್ಲರದ್ದೂ ಉಳಿದಿಲ್ಲ. ಸೂಚಿ ನೋಡಲು ದುಡ್ಡು ಕೊಡಬೇಕಿಲ್ಲ.

ಉತ್ತರ: ಬಿಡುಗಡೆಯ ಬಗ್ಗೆ ಒಂದು ಮಾತು. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಘೋಷಣೆಯಾಯಿತು. ಆಗ ಕೆಲವರು ಬೆಟ್ಟಗಳಿಗೆ ತಪ್ಪಿಸಿಕೊಂಡರು, ಉಳಿದವರನ್ನು ಜರ್ಮನರು ರೈಲಿನಲ್ಲಿ ಸಾಗಿಸಿದರು. ಫ್ರಾನ್ಸಿನ ಎಪಿನಾಲ್ ಶಿಬಿರದ ಮೇಲೆ 1944ರ ಮೇ 11ರಂದು ಬಾಂಬು ಬಿದ್ದಾಗ ನೂರಾರು ಭಾರತೀಯರು ಹೊರಬಿದ್ದು ಸ್ವಿಟ್ಜರ್ಲೆಂಡ್ ಸೇರಿದರು. ಮನೆಯಲ್ಲಿ ಯಾರಾದರೂ 'ಸ್ವಿಸ್' ಎಂದೋ 'ಹಿಮ ದಾಟಿ ಹೋದರು' ಎಂದೋ ಹೇಳಿದ್ದರೆ ಅದನ್ನು ಕಟ್ಟುಕಥೆ ಎಂದು ಬಿಡಬೇಡಿ, ಡಬ್ಲ್ಯುಒ 208ರಲ್ಲಿ ತಪ್ಪಿಸಿಕೊಂಡವರ ವರದಿಗಳಿವೆ. 1945ರಲ್ಲಿ ಬಿಡುಗಡೆಯಾದವರಲ್ಲಿ ಅನೇಕರು ಇಂಗ್ಲೆಂಡಿನ ಥೆಟ್‌ಫರ್ಡ್ ಸುತ್ತಲಿನ ಶಿಬಿರಗಳ ಮೂಲಕ ಊರಿಗೆ ಬಂದರು.

ಇನ್ನೊಂದು ಸೂಕ್ಷ್ಮ ವಿಷಯ. ಉತ್ತರ ಆಫ್ರಿಕಾದಲ್ಲಿ ಸೆರೆಯಾದವರಿಂದಲೇ ಜರ್ಮನಿಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಲು ನೇತಾಜಿಯವರ ಲೀಜನ್ ಎಂಬ ಭಾರತೀಯ ಪಡೆ ಕಟ್ಟಲಾಯಿತು, ಸುಮಾರು ಮೂರು ಸಾವಿರ ಮಂದಿ ಸೇರಿದರು. ಅಜ್ಜ ಸೇರಿದ್ದಿರಬಹುದು, ನಿರಾಕರಿಸಿದ್ದಿರಬಹುದು. ದಾಖಲೆಯಲ್ಲಿ ಒಂದೆರಡು ವರ್ಷ ಖಾಲಿ ಕಂಡ ಮಾತ್ರಕ್ಕೆ ಯಾವುದನ್ನೂ ತೀರ್ಮಾನಿಸಬೇಡಿ. ವಿಚಾರಣೆ ಮಾಡಿದ ಬ್ರಿಟಿಷ್ ಅಧಿಕಾರಿಗಳು ಹಿಂತಿರುಗಿದವರನ್ನು ನಿಷ್ಠೆಯ ಅಂದಾಜಿನ ಮೇಲೆ ಬಿಳಿ, ಬೂದು, ಕಪ್ಪು ಎಂದು ವಿಂಗಡಿಸುತ್ತಿದ್ದರು. ಆ ಗುರುತು ಅವರ ಲೆಕ್ಕಾಚಾರವೇ ಹೊರತು ಮನುಷ್ಯನ ಮೇಲಿನ ತೀರ್ಪಲ್ಲ.

ಉತ್ತರ: ಇದನ್ನು ಓದುವವರಲ್ಲಿ ಹಳೆಯ ಮೈಸೂರಿನವರಿದ್ದರೆ ಅವರ ದಾರಿ ಬೇರೆ. ಸಂಸ್ಥಾನದ ಮೈಸೂರು ಇನ್‌ಫೆಂಟ್ರಿ 1942ರ ಫೆಬ್ರುವರಿ 15ರಂದು ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಯಾಯಿತು. ಅದು ಈಗ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್, ರೆಕಾರ್ಡ್ಸ್ ವಿಚಾರಣೆ ನೀಲಗಿರಿಯ ವೆಲ್ಲಿಂಗ್ಟನ್‌ಗೆ. ಸಂಸ್ಥಾನದ ಕಾಲದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ನೋಡಿ. ಐಎನ್‌ಎ (ನೇತಾಜಿಯವರ ಆಜಾದ್ ಹಿಂದ್ ಸೇನೆ) ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ, ಅಭಿಲೇಖ್ ಪಟಲ್ ತಾಣದಲ್ಲಿ ಹುಡುಕಬಹುದು. ಜಪಾನ್ 1929ರ ಜಿನೀವಾ ಒಪ್ಪಂದವನ್ನು ಅನುಮೋದಿಸಿರಲಿಲ್ಲ, ಅಲ್ಲಿಂದ ಜಿನೀವಾಕ್ಕೆ ಹೋದ ಮಾಹಿತಿ ತೀರಾ ಕಡಿಮೆ. ನ್ಯೂಗಿನಿ, ರಬೌಲ್ ಕಡೆಗೆ ಕೂಲಿಗೆ ಒಯ್ದವರಾದರೆ ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದ ಎ471 ಸರಣಿಯಲ್ಲಿರುವ ಯುದ್ಧಾಪರಾಧ ವಿಚಾರಣೆಗಳನ್ನು ಓದಿ, ಭಾರತೀಯ ಕೈದಿಗಳ ಹೇಳಿಕೆಗಳು ಅಲ್ಲಿವೆ. ಹಿಂತಿರುಗದೇ ಹೋದವರಿಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹೆಸರಿನ ಬದಲು ಸೇನಾ ನಂಬರು ಹಾಕಿ. ಸಮಾಧಿ ಸಿಗದಿದ್ದರೆ ಗಾಬರಿ ಬೇಡ. ಎಷ್ಟೋ ಜನರ ಹೆಸರು ಸಿಂಗಪುರದ ಕ್ರಾಂಜಿಯಂಥ ಸ್ಮಾರಕದ ಗೋಡೆಯ ಮೇಲಷ್ಟೇ ಇದೆ. ಗೋಡೆಯ ಯಾವ ಅಂಕಣದಲ್ಲಿದೆ ಎಂಬುದನ್ನೂ ಆ ತಾಣವೇ ತಿಳಿಸುತ್ತದೆ.